ಶಾಲಾ ಮಕ್ಕಳಿಗೆ ಹಣಕಾಸು ಮತ್ತು ಉದ್ಯಮ ಕಲಿಸುವುದನ್ನು ಎಲ್ಲಿಂದ ಆರಂಭಿಸಬೇಕು?

ಸೋಮವಾರಪೇಟೆ ಕಡೆಯ ಸರ್ಕಾರಿ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಾದ ತಾವು, 6ರಿಂದ 8ನೇ ತರಗತಿಯ ಮಕ್ಕಳಿಗೆ ಉದ್ಯಮಶೀಲತೆ ಮತ್ತು ಹಣಕಾಸಿನ ತಿಳಿವಳಿಕೆ ನೀಡಲು ಷೇರು ಮಾರುಕಟ್ಟೆಯ ಪರಿಚಯದಿಂದ ಆರಂಭಿಸಬಹುದೇ ಎಂದು ಕೇಳಿದ್ದೀರಿ. ವಿರಾಜಪೇಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಬೋಧಿಸುವ ನನ್ನ ಅಭಿಪ್ರಾಯದಲ್ಲಿ ಅದು ಬೇಡ. ನಿಮ್ಮಲ್ಲಿ ಮಕ್ಕಳ ಸಂತೆ ನಡೆಯುತ್ತಿದ್ದರೆ ಅಲ್ಲಿಂದಲೇ ಆರಂಭಿಸಿ, ಆದರೆ ಅದನ್ನು ಈಗ ನಡೆಸುವ ಕ್ರಮವನ್ನು ಸ್ವಲ್ಪ ಬದಲಿಸಿ.

ಸಾಮಾನ್ಯವಾಗಿ ಈ ಸಂತೆಯಲ್ಲಿ ಮಕ್ಕಳು ಮನೆಯ ತೋಟದಿಂದ ಬಾಳೆಗೊನೆ, ಕಿತ್ತಳೆ, ಗಾಂಧಾರಿ ಮೆಣಸು ತಂದು ಮಾರುತ್ತಾರೆ, ಸಂಜೆ ಡಬ್ಬಿಯಲ್ಲಿರುವುದನ್ನೆಲ್ಲ ಲಾಭವೆಂದು ಎಣಿಸುತ್ತಾರೆ, ಹೆಚ್ಚು ಹಣ ಇದ್ದವರಿಗೆ ನಾವು ಚಪ್ಪಾಳೆ ತಟ್ಟುತ್ತೇವೆ. ಅಸಲು ಎಷ್ಟೆಂದು ಯಾರೂ ಕೇಳುವುದಿಲ್ಲ.

ನಮ್ಮ ಶಾಲೆಯ ಸಂತೆಯಲ್ಲಿ 8ನೇ ತರಗತಿಯ ಹುಡುಗನೊಬ್ಬ ಬಟರ್‌ಫ್ರೂಟ್ ಜ್ಯೂಸನ್ನು ಲೋಟಕ್ಕೆ 20 ರೂಪಾಯಿಯಂತೆ 20 ಲೋಟ ಮಾರಿ 400 ರೂಪಾಯಿ ತಂದನು. ಹಾಲು, ಸಕ್ಕರೆ, ಪೇಪರ್ ಲೋಟಗಳಿಗೆ 150 ಖರ್ಚಾಗಿದ್ದರಿಂದ 250 ಲಾಭವೆಂದು ಬರೆದಿದ್ದನು. ಹಣ್ಣು ಎಲ್ಲಿಂದ ಬಂತೆಂದರೆ ನಮ್ಮದೇ ಮರದ್ದು ಎಂದನು. ಅದೇ ಹಣ್ಣಿಗೆ ಮನೆ ಬಾಗಿಲಿಗೆ ಬರುವ ವ್ಯಾಪಾರಿ 120 ಕೊಡುತ್ತಿದ್ದನಾದ್ದರಿಂದ ಅದನ್ನೂ ಖರ್ಚಿನ ಕಡೆಗೆ ಬರೆಸಿದೆ, ಉಳಿದದ್ದು 130. ಅವನ ಅಮ್ಮ ಎರಡು ಗಂಟೆ ಕುಳಿತು ಹಣ್ಣು ಸುಲಿದು, ಮಿಕ್ಸಿಯಲ್ಲಿ ಅರೆದು ಕೊಟ್ಟಿದ್ದರು. ಗಂಟೆಗೆ 50ರಂತೆ ಅವರ ಕೂಲಿಯನ್ನು ಸೇರಿಸಿದಾಗ 30 ರೂಪಾಯಿ ಮಾತ್ರ ಉಳಿಯಿತು. ಹುಡುಗ ಸ್ವಲ್ಪ ಹೊತ್ತು ಪುಸ್ತಕ ನೋಡಿ, "ಹಾಗಾದ್ರೆ ಸರ್, ಹಣ್ಣನ್ನೇ ವ್ಯಾಪಾರಿಗೆ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?" ಎಂದನು. ಇಡೀ ತರಗತಿ ಆ ಪ್ರಶ್ನೆಯ ಮೇಲೆ ವಾದಕ್ಕೆ ಇಳಿಯಿತು. ಜ್ಯೂಸ್ ಮಾಡಿದ್ದರಿಂದ ಅಮ್ಮನ ಕೂಲಿಯಾದರೂ ಮನೆಗೆ ಬಂತಲ್ಲ ಎಂದು ಒಬ್ಬಳು ಹೇಳಿದರೆ, ಬೆಲೆಯನ್ನು 25 ಮಾಡಬಹುದಿತ್ತು ಎಂದು ಇನ್ನೊಬ್ಬ, 25ಕ್ಕೆ ಯಾರು ಕುಡಿಯುತ್ತಾರೆ ಎಂದು ಮತ್ತೊಬ್ಬ. ಉದ್ಯಮಶೀಲತೆಯ ಪಾಠವೆಂದರೆ ನನ್ನ ಮಟ್ಟಿಗೆ ಈ ವಾದವೇ. ಸಾಧಕರ ಕಥೆ ಹೇಳಿ ಹುರಿದುಂಬಿಸುವುದರಲ್ಲಿ ನನಗೆ ಹೆಚ್ಚಿನ ನಂಬಿಕೆಯಿಲ್ಲ.

ಬಂಡವಾಳದ ವಿಚಾರದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಕೊಡಗಿನ ತರಗತಿಯಲ್ಲಿ ತೋಟದ ಮಾಲೀಕರ ಮಗನೂ ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಹುಡುಗಿಯೂ ಒಂದೇ ಬೆಂಚಿನಲ್ಲಿರುತ್ತಾರೆ. ಮನೆಯಿಂದ ತಂದು ಮಾರಿ ಎಂದರೆ ಸ್ಪರ್ಧೆ ಆರಂಭವಾಗುವ ಮೊದಲೇ ಮುಗಿದಿರುತ್ತದೆ. ಆದ್ದರಿಂದ ಪ್ರತಿ ಗುಂಪಿಗೂ 200 ರೂಪಾಯಿಯನ್ನು ಶಾಲೆಯ ಕಡೆಯಿಂದ ಸಾಲವಾಗಿ ಕೊಟ್ಟು, ಸಹಿ ಪಡೆದು, ಸಂತೆ ಮುಗಿದ ಮೇಲೆ ಮರುಪಾವತಿ ಮಾಡಿಸಿಕೊಳ್ಳಿ.

ಸಾಲದಿಂದ ಬಡ್ಡಿಗೆ ಹೋಗುವುದು ಸುಲಭ. ಬಡ್ಡಿಯ ಲೆಕ್ಕ ಗಣಿತದ ಪಾಠದಲ್ಲಿಯೇ ಇದೆ. ಊರಿನಲ್ಲಿ ಮೂರು ರೂಪಾಯಿ ಬಡ್ಡಿ ಎಂದರೆ ನೂರಕ್ಕೆ ತಿಂಗಳಿಗೆ ಮೂರು, ಅಂದರೆ ವರ್ಷಕ್ಕೆ ಶೇಕಡಾ 36. ಶೇಕಡಾ 9 ಎಂಬ ಬ್ಯಾಂಕಿನ ದರವಾದರೋ ವರ್ಷದ್ದು. 10,000 ರೂಪಾಯಿಗೆ ಒಂದು ಕಡೆ ವರ್ಷಕ್ಕೆ 3,600, ಇನ್ನೊಂದು ಕಡೆ 900 ಎಂದು ಕರಿಹಲಗೆಯ ಮೇಲೆ ಬರೆದರೆ, ಮಕ್ಕಳು ಅದನ್ನು ಮನೆಗೆ ಹೋಗಿ ಹೇಳದೆ ಇರುವುದಿಲ್ಲ.

ಷೇರಿನ ಬದಲಿಗೆ ಕಾಫಿಯ ಬೆಲೆಯನ್ನು ಪಾಠಕ್ಕೆ ತೆಗೆದುಕೊಳ್ಳಿ. 2024ರಲ್ಲಿ ರೊಬಸ್ಟಾ ಚೆರಿಯ (ಸಿಪ್ಪೆಸಹಿತ ಒಣಗಿಸಿದ ರೊಬಸ್ಟಾ ಕಾಫಿ) 50 ಕೆ.ಜಿ. ಮೂಟೆಯ ಬೆಲೆ 10,000 ರೂಪಾಯಿ ದಾಟಿತು; ಅದಕ್ಕೆ ನಾಲ್ಕು ವರ್ಷ ಮುಂಚೆ ಸುಮಾರು ಅದರ ಮೂರನೇ ಒಂದು ಭಾಗವಿತ್ತು. ಒಣಗಿಸಿದ ಕೂಡಲೇ ಮಾರುವುದೇ, ಗೋದಾಮಿನಲ್ಲಿ ಇಟ್ಟು ಕಾಯುವುದೇ, ಕಾಯುವಾಗ ಗೊಬ್ಬರಕ್ಕೂ ಆಳಿನ ಬಟವಾಡೆಗೂ ಹಣ ಎಲ್ಲಿಂದ ಬರುತ್ತದೆ ಎಂಬ ಚರ್ಚೆಯನ್ನು ಈ ಮಕ್ಕಳು ಮನೆಯಲ್ಲಿಯೇ ಕೇಳಿರುತ್ತಾರೆ.

ಬ್ಯಾಂಕ್ ಖಾತೆಯ ಬಗ್ಗೆಯೂ ಕೇಳಿದ್ದೀರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 10 ವರ್ಷ ತುಂಬಿದ ಮಕ್ಕಳು, ಬ್ಯಾಂಕ್ ವಿಧಿಸುವ ಮಿತಿಗೆ ಒಳಪಟ್ಟು, ಉಳಿತಾಯ ಖಾತೆಯನ್ನು ತಾವೇ ತೆರೆದು ನಿರ್ವಹಿಸಬಹುದು. ಹತ್ತಿರದ ಶಾಖೆಗೆ ಕರೆದೊಯ್ದು ಚಲನ್ ತುಂಬಿಸಿ. ಜೊತೆಗೆ, ಯುಪಿಐ ಪಿನ್ ಬೇಕಾಗುವುದು ಹಣ ಕಳುಹಿಸಲೇ ಹೊರತು ಪಡೆಯಲು ಅಲ್ಲ ಎಂಬುದನ್ನೂ, ಮೋಸದಿಂದ ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕೆಂಬುದನ್ನೂ ಹೇಳಿಕೊಡಿ. ಅನೇಕ ಮನೆಗಳಲ್ಲಿ ಅಜ್ಜಿಯ ಫೋನ್ ನೋಡಿಕೊಳ್ಳುವವರು ಈ ಮಕ್ಕಳೇ.

ಇದಕ್ಕೆಲ್ಲ ಪ್ರತ್ಯೇಕ ವಿಷಯವೆಂದು ವೇಳಾಪಟ್ಟಿಯಲ್ಲಿ ಜಾಗ ಹುಡುಕಬೇಕಿಲ್ಲ. ಸಂತೆಯ ಮರುದಿನದ ಗಣಿತದ ಪಿರಿಯಡ್ಡನ್ನು ಲೆಕ್ಕ ಬರೆಯುವುದಕ್ಕೆ ಬಿಟ್ಟುಕೊಡುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳಿ. ಸಂತೆಯನ್ನು ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಇಡಬೇಡಿ. ಆಗ ಲೈನ್ ಮನೆಗಳ ಮಕ್ಕಳ ಹಾಜರಾತಿ ಕಡಿಮೆಯಿರುತ್ತದೆ.