ಮಾರುತ್ ವಿನ್ಯಾಸ ಇಲ್ಲಿನದೇ

ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನ ಮಾರುತ್, ಅಜೀತ್ ಈ ಎರಡು ಯುದ್ಧವಿಮಾನಗಳಲ್ಲಿ ನಮ್ಮಲ್ಲೇ ವಿನ್ಯಾಸ ಆಗಿದ್ದು ಯಾವುದು ಅಂತ ಕೇಳಿದ್ದೀರಿ. ಮಾರುತ್. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಬೆಂಗಳೂರಿಗೇ ಬಂದು, ಇಲ್ಲಿನ ಎಂಜಿನಿಯರುಗಳ ಜೊತೆ ಸೇರಿ ರೂಪಿಸಿದ ವಿಮಾನ ಅದು. ಮೊದಲು ಹಾರಿದ್ದು 1961ರಲ್ಲಿ. ಶಬ್ದದ ವೇಗ ಮೀರಲೆಂದು ಕಟ್ಟಿದ ಒಡಲು, ಆದರೆ ಅದಕ್ಕೆ ತಕ್ಕ ಎಂಜಿನ್ ಕೊನೆವರೆಗೂ ಸಿಗಲಿಲ್ಲ. ಕಡಿಮೆ ಬಲದ ಆರ್ಫಿಯಸ್ ಎಂಜಿನ್‌ನಲ್ಲೇ ಹಾರಬೇಕಾಯಿತು. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಹಾಗಿದ್ದೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿತು, ಅದೇನು ಸಣ್ಣ ಮಾತಾ?

ಅಜೀತ್ ಬ್ರಿಟನ್ನಿನ ನ್ಯಾಟ್ ಯುದ್ಧವಿಮಾನದ ಸುಧಾರಿಸಿದ ರೂಪ. ರೆಕ್ಕೆಯೊಳಗೂ ಇಂಧನ ತುಂಬುವಂತೆ ಇಲ್ಲಿ ಬದಲಿಸಿದರು. ಗುರುತು ಹಿಡಿಯೋದು ಸುಲಭ, ಬಾಲದ ಕಡೆ ಹೋಗಿ ನೋಡಿ. ಮಾರುತ್‌ಗೆ ಎರಡು ಎಂಜಿನ್, ಅಜೀತ್‌ಗೆ ಒಂದೇ.