ಮೂರು ಮುರು ಮೀನು, ಮೂರು ಥರ

ಪ್ರಶ್ನೆ: ಕಾರವಾರದ ಒಂದು ಹೋಟೆಲಿನಲ್ಲಿ ದೊಡ್ಡ ಉಪ್ಪುನೀರಿನ ಟ್ಯಾಂಕ್ ನೋಡಿಕೊಳ್ಳುತ್ತೇನೆ. ಅದರಲ್ಲಿ ಕಿತ್ತಳೆ ಚುಕ್ಕಿಯ ಮೂರು ಮುರು ಮೀನುಗಳಿವೆ. ಒಂದೇ ದಿನ ಬಂದವು, ಎಲ್ಲವೂ ಹೆಚ್ಚುಕಮ್ಮಿ ಒಂದೂವರೆ ಅಡಿ. ಒಂದು ನನ್ನನ್ನು ಕಂಡ ಕೂಡಲೇ ಗಾಜಿನ ಹತ್ತಿರ ಬರುತ್ತದೆ. ಇನ್ನೊಂದು ಉಳಿದವನ್ನು ಅಟ್ಟಾಡಿಸುತ್ತದೆ. ಮೂರನೆಯದು ಕಲ್ಲಿನ ಸಂದಿ ಬಿಟ್ಟು ಬರುವುದೇ ಇಲ್ಲ. ಮೀನಿಗೂ ಸ್ವಭಾವ ಅಂತ ಇರುತ್ತದಾ? ಅಥವಾ ಮೂರನೆಯದಕ್ಕೆ ಕಾಯಿಲೆಯಾ?
– ಓದುಗರು, ಕಾರವಾರ

ಉತ್ತರ: ಸ್ವಭಾವ ಖಂಡಿತ ಇರುತ್ತದೆ. ಧೈರ್ಯ, ಅಂಜಿಕೆ, ಜಗಳಗಂಟತನ ಒಂದೇ ಜಾತಿಯ ಮೀನುಗಳಲ್ಲೂ ಬೇರೆ ಬೇರೆ. ನಿಮ್ಮಲ್ಲೇ ಸಮುದ್ರದಲ್ಲಿ ಪಂಜರ ಕಟ್ಟಿ ಸೀಬಾಸ್ ಸಾಕುವವರನ್ನು ಕೇಳಿ ನೋಡಿ. ಒಂದೇ ದಿನ ಮೊಟ್ಟೆಯೊಡೆದ ಮರಿಗಳಲ್ಲೂ ಕೆಲವು ಬೇಗ ದಪ್ಪಗಾಗಿ ಸಣ್ಣವನ್ನೇ ನುಂಗಲು ಶುರುಮಾಡುತ್ತವೆ, ಅದಕ್ಕೇ ಆಗಾಗ ಗಾತ್ರ ನೋಡಿ ಬೇರೆ ಮಾಡುತ್ತಾರೆ.

ಗಾಜಿನ ಹತ್ತಿರ ಬರುವ ಮೀನು ನಿಮ್ಮನ್ನೇ ಗುರುತು ಹಿಡಿದಿದ್ದರೂ ಆಶ್ಚರ್ಯವಿಲ್ಲ. ಬಾಯಿಂದ ನೀರು ಚಿಮ್ಮಿ ಹುಳ ಬೀಳಿಸುವ ಆರ್ಚರ್ ಮೀನು, ಕಲಿಸಿಕೊಟ್ಟರೆ ಒಬ್ಬ ಮನುಷ್ಯನ ಮುಖದ ಚಿತ್ರವನ್ನು ಹತ್ತಾರು ಮುಖಗಳ ನಡುವೆ ಆರಿಸುತ್ತದೆ ಅಂತ 2016ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ.

ಈಗ ಮೂರನೆಯದರ ವಿಷಯ. ನನಗೆ ಅದರ ಮೇಲೇ ಜಾಸ್ತಿ ಮನಸ್ಸು. ಮುರು, ಅಂದರೆ ಕೊಂಕಣಿಯವರ ಗೋಬ್ರೊ, ಹೊಂಚು ಹಾಕಿ ಹಿಡಿಯುವ ಮೀನು, ಕಲ್ಲಿನ ಸಂದಿಯೇ ಅದರ ಮನೆ. ಸುಮ್ನೆ ಅಡಗಿ ಕೂತಿದೆ ಅಂತ ಕೋಲು ಹಾಕಿ ಎಬ್ಬಿಸಬೇಡಿ, ದಯವಿಟ್ಟು. ಕಿವಿರು ತುಂಬಾ ಬೇಗ ಬೇಗ ಬಡಿಯುತ್ತಿದೆಯಾ, ಮೈಯನ್ನು ಕಲ್ಲಿಗೆ ಉಜ್ಜುತ್ತದೆಯಾ, ಎದುರಿಗೇ ಆಹಾರ ಹಿಡಿದರೂ ಬೇಡ ಅನ್ನುತ್ತದೆಯಾ, ಬೆನ್ನಿನ ಮಾಂಸ ಕರಗಿ ಸಣಕಲಾಗಿದೆಯಾ ನೋಡಿ. ಇವು ಕಂಡರೆ ಮೀನಿನ ಡಾಕ್ಟರಿಗೆ ತೋರಿಸಿ. ಇಲ್ಲದಿದ್ದರೆ ಅದು ಅಂಜುಬುರುಕ, ಅಷ್ಟೇ.

ಆದರೆ ಅಂಜುಬುರುಕ ಮೀನು ಹಸಿದೇ ಉಳಿಯುತ್ತದೆ ಅಲ್ವಾ, ಅದೇ ನಿಜವಾದ ತೊಂದರೆ. ನೀವು ಮೇಲಿಂದ ಒಟ್ಟಿಗೇ ಸುರಿದರೆ ಮುಂದೆ ಬರುವ ಎರಡು ಹೊಟ್ಟೆ ಬಿರಿಯುವಷ್ಟು ತಿನ್ನುತ್ತವೆ. ಇನ್ನೊಬ್ಬರನ್ನು ಜೊತೆಗೆ ನಿಲ್ಲಿಸಿಕೊಳ್ಳಿ. ಅವರು ಆ ಎರಡನ್ನು ಒಂದು ಮೂಲೆಯಲ್ಲಿ ತಡೆದಿರುವಾಗಲೇ ನೀವು ಉದ್ದ ಇಕ್ಕಳದಲ್ಲಿ ಸಿಗಡಿಯನ್ನೋ ಮೀನಿನ ತುಂಡನ್ನೋ ಸಂದಿಯ ಬಾಯಿಗೇ ಹಿಡಿಯಿರಿ. ಯಾವುದು ಎಷ್ಟು ತುಂಡು ತಿಂದಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದಿನಾ ತಿನ್ನುತ್ತಿದ್ದ ಮೀನು ಒಮ್ಮೆಲೇ ಬಿಟ್ಟರೆ ಆಗ ಬೇಗ ಗೊತ್ತಾಗುತ್ತದೆ.

ಗುರುತಿಗೆ ಮೈಮೇಲಿನ ಚುಕ್ಕಿಗಳಿವೆ. ಒಂದರ ಚುಕ್ಕಿಯಂತೆ ಇನ್ನೊಂದರದ್ದು ಇರುವುದಿಲ್ಲ. ಫೋಟೋ ತೆಗೆಯುವಾಗ ಎರಡೂ ಮಗ್ಗುಲು ತೆಗೆಯಿರಿ, ಎಡಗಡೆಯ ಚುಕ್ಕಿ ಬಲಗಡೆಗೆ ಹೊಂದುವುದಿಲ್ಲ. ನೆಪೋಲಿಯನ್ ರಾಸ್ ಎಂಬ ಭಾರೀ ಮೀನನ್ನೂ ಕಣ್ಣಿನ ಸುತ್ತಲಿನ ಗೆರೆ ನೋಡಿಯೇ ಬೇರೆ ಬೇರೆ ಅಂತ ಗುರುತಿಸುತ್ತಾರೆ.

ಅಟ್ಟಾಡಿಸುವ ಮೀನಿಗೆ ಕಲ್ಲುಗಳ ಜಾಗ ಬದಲಿಸಿ, ಇನ್ನೆರಡು ಸಂದಿ ಮಾಡಿಕೊಡಿ. ತನ್ನದು ಅಂದುಕೊಂಡ ಜಾಗವೇ ಹೋದರೆ ಸ್ವಲ್ಪ ದಿನ ತಣ್ಣಗಾಗುತ್ತದೆ. ಮುರು ಮೊದಲು ಹೆಣ್ಣಾಗಿ ಬೆಳೆದು ಆಮೇಲೆ ಕೆಲವು ಗಂಡಾಗುತ್ತವೆ, ಹಾಗಾಗಿ ಇವತ್ತು ಕಂಡ ನಡವಳಿಕೆಯೇ ಕೊನೆಯವರೆಗೂ ಇರುತ್ತದೆ ಅಂತ ನಂಬಿ ಕೂರಬೇಡಿ. ಈ ಜಾತಿ ಒಂದು ಮೀಟರ್ ದಾಟಿ ಬೆಳೆಯುತ್ತದೆ. ಮೂರಕ್ಕೂ ಆ ಟ್ಯಾಂಕ್ ಸಾಲುವುದಿಲ್ಲ ಅಂತ ಮಾಲೀಕರಿಗೆ ಈಗಲೇ ಹೇಳಿ.