ಏಳು ದಿನಕ್ಕೆ ಒಂದೇ ದಿಕ್ಕು ಸಾಕು

ಏಳು ದಿನದಲ್ಲಿ ಲೇಕ್ ಡಿಸ್ಟ್ರಿಕ್ಟ್, ಕಾರ್ನ್‌ವಾಲ್ ಎರಡನ್ನೂ ಗಂಡ ಹೆಂಡತಿ ಕಾರಿನಲ್ಲಿ ಸುತ್ತಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಒಂದು ಇಂಗ್ಲೆಂಡಿನ ಉತ್ತರದಲ್ಲಿದೆ, ಇನ್ನೊಂದು ನೈಋತ್ಯದ ತುದಿ. ರಜೆಯೆಲ್ಲ ಮೋಟರ್‌ವೇಯಲ್ಲೇ ಹೋಗುತ್ತದೆ.

ಬದಲಿಗೆ ಲಂಡನ್‌ನಿಂದ ಪಶ್ಚಿಮದ ಕಡೆಗೆ ಮಾತ್ರ ಹೊರಟು, ಕಾಟ್ಸ್‌ವೋಲ್ಡ್ಸ್ ಅನ್ನೋ ಗುಡ್ಡಗಳ ಸೀಮೆಯಲ್ಲಿ ಎರಡು ರಾತ್ರಿ, ಉತ್ತರ ಡೆವನ್‌ನಲ್ಲಿ ಮೂರು, ವಾಪಸ್ ಬರುವಾಗ ಡಾರ್ಸೆಟ್‌ನ ಲೈಮ್ ರೀಜಿಸ್‌ನಲ್ಲಿ ಒಂದು ಇರಿ. ಅಲ್ಲಿನ ಕಡಲತೀರದ ಕಲ್ಲುಗಳ ನಡುವೆ ಸುರುಳಿ ಸುರುಳಿ ಪಳೆಯುಳಿಕೆ ಸಿಗುತ್ತವೆ, ಬಗ್ಗಿ ಹುಡುಕಬೇಕು ಅಷ್ಟೇ.

ಕಾರು ಮಾತ್ರ ಚಿಕ್ಕದೇ ತಗೊಳ್ಳಿ. ಡೆವನ್‌ನ ಹಳ್ಳಿ ರಸ್ತೆಗಳು ಎಷ್ಟೋ ಕಡೆ ಒಂದೇ ಕಾರಿನ ಅಗಲ, ಎರಡೂ ಕಡೆ ಆಳೆತ್ತರದ ಬೇಲಿ. ನಮಗೆ ತಿರುವಿನಲ್ಲಿ ಟ್ರ್ಯಾಕ್ಟರ್ ಎದುರಾಯಿತು. ಹಿಂದಿನ ಅಗಲ ಜಾಗದವರೆಗೆ ರಿವರ್ಸ್ ಹೋದೆ, ಬೇಲಿಯ ಎಲೆಗಳು ಕನ್ನಡಿಗೆ ಸವರುತ್ತಿದ್ದವು. ಟ್ರ್ಯಾಕ್ಟರ್‌ನವರು ಕೈ ಎತ್ತಿ ಥ್ಯಾಂಕ್ಸ್ ಹೇಳಿ ಹೋದರು. ಅಲ್ಲಿ ಅದೇ ರೂಢಿ, ನೀವೂ ಕೈ ಎತ್ತಿ.

ಉತ್ತರ ಡೆವನ್‌ನ ಲಿನ್ಮತ್ ಊರಲ್ಲಿ 1890ರ ಬೆಟ್ಟದ ರೈಲು ತಪ್ಪಿಸಬೇಡಿ. ಕೇಬಲ್‌ನಿಂದ ಜೋಡಿಸಿದ ಎರಡು ಬೋಗಿ ಅಷ್ಟೇ. ಮೇಲಿನ ಬೋಗಿಗೆ ನೀರು ತುಂಬಿಸುತ್ತಾರೆ, ಅದು ಭಾರಕ್ಕೆ ಇಳಿಯುತ್ತಾ ಕೆಳಗಿನದನ್ನು ಮೇಲಕ್ಕೆ ಎಳೆಯುತ್ತದೆ. ಎಷ್ಟು ಚಂದ ಅಲ್ವಾ!

ಲೈಸೆನ್ಸ್ ಚಿಂತೆ ಬೇಡ. ಪ್ರವಾಸಿಗರು ಭಾರತದ್ದರಲ್ಲೇ 12 ತಿಂಗಳವರೆಗೆ ಓಡಿಸಬಹುದು. ನಮ್ಮ ಹಾಗೇ ಎಡಗಡೆ, ಆದರೆ ವೇಗದ ಬೋರ್ಡು ಮೈಲಿಯಲ್ಲಿರುತ್ತದೆ.